ಮಳೆನೀರಿಗೆ ಮಣೆ ಹಾಕಿದವನು

ನಮ್ಮ ಸೋದರಮಾವನಿಗೆ ಚರಂಡಿಯ ಹುಚ್ಚು ಹಿಡಿಯಿತು, ಅವನು ಚರಂಡಿಯಲ್ಲೇ ಬಿದ್ದು ಹೊರಳಾಡಿದ, ಕಡೆಗೆ ಚರಂಡಿಯ ಹೊಲಸೇ ಹತ್ತಿ ಸತ್ತ. ಹೊಸಪೇಟೆಯ ನಮ್ಮ ಓಣಿಯಲ್ಲಿ ಯಾರನ್ನೇ ಕೇಳಿ, ಕಥೆ ಇಷ್ಟೇ. ಮೂರು ಮಾತು, ಮೂರರಲ್ಲೂ ಚರಂಡಿ. ಬಾಯಲ್ಲಿ ಸಲೀಸಾಗಿ ಹೊರಳುತ್ತದೆ. ನನಗೆ ಅನುಮಾನ ಹುಟ್ಟುವುದೇ ಅಲ್ಲಿ. ಮದರಾಸಿನ ಕಾಲೇಜಿನ ಚರ್ಚಾಕೂಟದಲ್ಲಿ ಮೂರು ವರ್ಷ ವಾದ ಮಾಡಿ ಬೆಳ್ಳಿಯ ಬಟ್ಟಲು ಗೆದ್ದು ತಂದವನು ನಾನು. ಸಲೀಸಾಗಿ ಹೊರಳುವ ಮಾತನ್ನು ಮಾಡುವುದು ಎಷ್ಟು ಸುಲಭ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆದ್ದರಿಂದ ಬಿಡಿಸಿ ನೋಡೋಣ. ಹುಚ್ಚು ಹಿಡಿದದ್ದು ನಿಜ, ಒಪ್ಪಿದೆ. ಹೊರಳಾಡಿದ್ದು ಅರ್ಧ ನಿಜ. ಒಂದೇ ಸಲ, ಅದೂ ಕಾಲು ಜಾರಿ. ಮೂರನೆಯದು ಮಾತ್ರ ಶುದ್ಧ ಸುಳ್ಳು. ಅದು ಸುಳ್ಳೆಂಬುದನ್ನು ಕಣ್ಣಾರೆ ಕಂಡವನು ಊರಿನಲ್ಲಿ ಒಬ್ಬನೇ. ಆ ಒಬ್ಬನಿಗೆ ಇದುವರೆಗೆ ಬಾಯಿ ಬಂದಿರಲಿಲ್ಲ, ಬೆಳ್ಳಿಯ ಬಟ್ಟಲು ಗೆದ್ದಿದ್ದರೂ!

ಹುಚ್ಚಿನ ವಿಚಾರ ಮೊದಲು. ನಾನು ಬೆಳೆದದ್ದು ಮಾವನ ಮನೆಯಲ್ಲೇ. ಬಂದ ನೆಂಟರಿಗೆ ಅವನು "ಕುಂದ್ರಿ" ಎಂದದ್ದನ್ನು ನಾನು ಕೇಳಿಲ್ಲ. ನೆಂಟರು ನಿಂತೇ ಮಾತಾಡಿ, ನಿಂತೇ ನೀರು ಕುಡಿದು, ಅತ್ತೆ ಒಳಗಿನಿಂದ ಓಡಿ ಬಂದು ಚಾಪೆ ಹಾಸುವ ಹೊತ್ತಿಗೆ ಹೊರಟುಬಿಡುತ್ತಿದ್ದರು. ಆದರೆ ಮಳೆನೀರು ಬಂದರೆ? ಅಂಗಳದಲ್ಲಿ ನಿಂತು ಅದರ ಜೊತೆ ಮಾತಾಡುತ್ತಿದ್ದ. "ಬಾರವ್ವಾ, ಬಾ. ಎಲ್ಲಿಗೆ ಹಂಗ ಓಡ್ತಿ? ಕುಂದ್ರು. ಒಂದೀಟು ಕುಂತು ಹೋಗು." ಅತ್ತೆ ಹೊಸಲಿನಲ್ಲಿ ನಿಂತು ಹೇಳುತ್ತಿದ್ದಳು: "ಕೇಳ್ರಿ, ನಮ್ಮ ಅಣ್ಣ ಬಂದಾಗ ಈ ಮಾತು ಬಾಯಾಗಿಂದ ಬಂದದ್ದಿಲ್ಲ."

ಮಳೆ ಬಂದರೆ ಊರವರೆಲ್ಲ ಒಳಗೆ ಓಡುತ್ತಾರೆ. ಇವನು ಕೊಡೆ ಹಿಡಿದು ಹೊರಗೆ ಓಡುತ್ತಿದ್ದ. ಕೊಡೆ ಬಿಚ್ಚುತ್ತಿದ್ದನೆಂದು ತಿಳಿಯಬೇಡಿ. ಅದರ ಮೇಲೆ ಸುಣ್ಣದಿಂದ ಬೆರಳಗಲಕ್ಕೊಂದು ಗೆರೆ ಎಳೆದಿದ್ದ. ಅದು ಹರಿಯುವ ನೀರಿನ ಆಳ ಅಳೆಯುವ ಕೋಲು. ಬಿಚ್ಚಿದರೆ ಅಳೆಯುವುದು ಹೇಗೆ? ಮೈ ನೆನೆದರೆ ಒರೆಸಿಕೊಳ್ಳಬಹುದು, ಅಳತೆ ತಪ್ಪಿದರೆ ಮುಂದಿನ ಮಳೆಯ ತನಕ ಕಾಯಬೇಕು ಎಂಬುದು ಅವನ ತರ್ಕ. ತರ್ಕದಲ್ಲಿ ದೋಷವಿಲ್ಲ. ಇರಲಿ ಎಂದು ನಾನು ಬಹಳ ಹುಡುಕಿದ್ದೇನೆ.

ನಮ್ಮ ಓಣಿ ಇಳಿಜಾರು. ಮೇಲ್ತುದಿಯಲ್ಲಿ ದನದ ಕೊಟ್ಟಿಗೆಗಳು, ತಿಪ್ಪೆಗಳು. ನಡುವೆ ಮನೆಗಳು, ಅವುಗಳ ಬಚ್ಚಲುಗಳು. ಕೆಳತುದಿಯಲ್ಲಿ ಬಾವಿ. ಸುತ್ತಲಿನ ಬಾವಿಗಳೆಲ್ಲ ಸವಳು, ಸಿಹಿನೀರು ಇದೊಂದೇ. ಓಣಿಯ ಅಡಿಗೆಗೆ, ಕುಡಿಯಲು, ದೇವರ ಅಭಿಷೇಕಕ್ಕೆ ಎಲ್ಲಕ್ಕೂ ಇದೇ ನೀರು. ಹೆಂಗಸರು ಬೆಳಿಗ್ಗೆ ಒದ್ದೆ ಸೀರೆಯಲ್ಲಿ ಮಡಿಯಿಂದ ಬಂದು ಸೇದುತ್ತಿದ್ದರು. ಮಡಿಯಲ್ಲಿ ಸೇದಿದ ಕೊಡವನ್ನು ಬೆಕ್ಕು ಮುಟ್ಟಿದರೂ ಚೆಲ್ಲಬೇಕು. ಮೇಲಿನ ಕೊಟ್ಟಿಗೆಯ ನೀರು ಮಳೆಗಾಲದಲ್ಲಿ ಬಾವಿಯ ಕಟ್ಟೆಗೆ ಬಂದು ತಾಗಿದರೆ? ಅದಕ್ಕೆ ಶಾಸ್ತ್ರದಲ್ಲಿ ಏನೂ ಹೇಳಿಲ್ಲ. ನೀರು ತಾನೇ, ನೀರಿಗೆ ಎಲ್ಲಿಯ ಮೈಲಿಗೆ?

ಮಾವ ರೈಲು ಸ್ಟೇಶನ್ನಿನ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತ. ಸಂಡೂರಿನ ಗುಡ್ಡಗಳಿಂದ ಬಂದ ಅದಿರು ಅಲ್ಲಿ ರಾಶಿ ಬೀಳುತ್ತಿತ್ತು. ಮಳೆ ಬಂದಾಗ ರಾಶಿಯಿಂದ ಕೆಂಪು ನೀರು ಇಳಿದು ಪಕ್ಕದ ಹೊಂಡವೆಲ್ಲ ಕುಂಕುಮ. ಒಂದು ಕಡೆ ಮಾತ್ರ ನೀರು ತಿಳಿಯಾಗಿ ಇಳಿಯುತ್ತಿದ್ದುದನ್ನು ಅವನು ಕಂಡ. ಅಲ್ಲಿ ಏನಿತ್ತು? ನಾಲ್ಕು ಮಾರು ಅಗಲದ ಗರಿಕೆ. ಬೇರೆ ಗುಮಾಸ್ತರಾಗಿದ್ದರೆ ವ್ಯಾಗನ್ ಎಣಿಸಿ ಮನೆಗೆ ಬರುತ್ತಿದ್ದರು. ಇವನು ಗರಿಕೆಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಆ ದಿನ ಎಷ್ಟು ವ್ಯಾಗನ್ ಹೋದವೆಂಬುದು ಇಂದಿಗೂ ಯಾರಿಗೂ ತಿಳಿಯದು.

ಅಲ್ಲಿಂದ ಶುರು. ರಜೆ ಹಾಕಿ ಚೋರನೂರಿಗೆ ಹೋಗಿ, ಹೊಲದ ಬದುವಿಗೆ ಹುಲ್ಲು ಕಟ್ಟುವ ಒಬ್ಬ ಮುದುಕಿಯ ಹತ್ತಿರ ಮೂರು ದಿನ ಕೂತು ಬಂದ. ಆಕೆ ಹೇಳಿದ ಒಂದು ಮಾತನ್ನು ಉಪನಯನದ ಮಂತ್ರದ ಹಾಗೆ ಎಲ್ಲರ ಕಿವಿಯಲ್ಲೂ ಊದುತ್ತಿದ್ದ: "ನೀರು ನಡದ್ರ ಕೊಟ್ಟು ಹೋಕೈತ್ರೀ, ಓಡಿದ್ರ ಕಸಗೊಂಡು ಹೋಕೈತಿ." ಆಮೇಲೆ ಕಂಪ್ಲಿಗೆ ಹೋಗಿ ಹೊಳೆದಂಡೆಯಿಂದ ಒಂದು ಬಂಡಿ ತುಂಬ ಲಾವಂಚದ ಬುಡ ಕಿತ್ತು ತಂದ. ಬಂಡಿ ಓಣಿಗೆ ಬಂದಾಗ ಸುದ್ದಿ ಹಬ್ಬಿತು. ತಂಪಿಗೆಂದು ಲಾವಂಚದ ತಟ್ಟಿ ಕಟ್ಟುವುದು ದೊರೆಗಳು ಇಳಿಯುವ ಬಂಗಲೆಗೆ. ಅಂದಮೇಲೆ ಕಲೆಕ್ಟರು ಬರುತ್ತಿದ್ದಾರೆ! ಓಣಿಯ ಹಿರಿಯರು ನಿಂತು ತಿಪ್ಪೆ ತೆಗೆಸಿದರು, ಗೋಡೆಗೆ ಸುಣ್ಣ ಬಳಿಸಿದರು. ಎರಡು ದಿನವಾದ ಮೇಲೆ, ಲಾವಂಚ ಚರಂಡಿಗೆ ಎಂದು ತಿಳಿಯಿತು. ನಮ್ಮ ಓಣಿ ಸ್ವಚ್ಛವಾಗಿದ್ದದ್ದು ಆ ಎರಡು ದಿನವೇ. ಬಾರದ ಕಲೆಕ್ಟರಿನ ಪುಣ್ಯ.

ಮಾವ ಮಾಡಿದ್ದಿಷ್ಟು. ಓಣಿಯ ಮಗ್ಗುಲಲ್ಲಿ ಇದ್ದ ಮಣ್ಣಿನ ಚರಂಡಿಯನ್ನು ಅಗಲ ಮಾಡಿದ, ಆಳ ಕಡಿಮೆ ಮಾಡಿದ. ಹತ್ತು ಹೆಜ್ಜೆಗೊಂದು ಕಲ್ಲಿನ ಸಾಲು ಅಡ್ಡ ಇಟ್ಟ. ತಳಕ್ಕೆ ಲಾವಂಚ, ದಡಕ್ಕೆ ಗರಿಕೆ. ಬಾವಿಗೆ ಮೂವತ್ತು ಹೆಜ್ಜೆ ಇರುವಾಗ ಒಂದು ದೊಡ್ಡ ಗುಂಡಿ. ಅದರಲ್ಲಿ ಗರಸು, ಮರಳು, ಮೇಲೆ ಜೊಂಡು. ಸುತ್ತ ಬಾಳೆ, ಕೆಸು. ಮೇಲಿನಿಂದ ಧಾವಿಸಿ ಬಂದ ನೀರು ಕಲ್ಲಿಗೆ ಎಡವಿ, ಹುಲ್ಲಿನಲ್ಲಿ ಸಿಕ್ಕಿ, ಸುಸ್ತಾಗಿ ಗುಂಡಿಯಲ್ಲಿ ಕೂತು ನೆಲಕ್ಕೆ ಇಳಿಯುತ್ತಿತ್ತು. ಬಾವಿಯ ಕಟ್ಟೆಗೆ ಒಂದು ಹನಿಯೂ ಬರುತ್ತಿರಲಿಲ್ಲ. ಬಾಳೆ ಆಳೆತ್ತರ ಬೆಳೆಯಿತು, ಗೊನೆಯನ್ನೂ ಬಿಟ್ಟಿತು. ಅತ್ತೆ ಮಾತ್ರ ಒಂದು ಎಲೆಯನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ. "ಊರ ಬಚ್ಚಲ ಕುಡದ ಬಾಳಿ ಅದು. ಅದರ ಎಲಿಮ್ಯಾಲ ನಾ ಬಡಸೂದಿಲ್ಲ. ನೀವು ಬೇಕಾದ್ರ ಗುಂಡ್ಯಾಗ ಕುಂತು ಉಣ್ರಿ."

ಪ್ರತಿ ಮಳೆಯ ಮರುದಿನ ಮಾವ ಜಗಲಿಯ ಮೇಲೆ ಮೂರು ಗಾಜಿನ ಲೋಟ ಸಾಲಾಗಿ ಇಡುತ್ತಿದ್ದ. ಒಂದರಲ್ಲಿ ಓಣಿಯ ಮೇಲ್ತುದಿಯ ನೀರು, ಕಾಫಿಯ ಬಣ್ಣ. ಎರಡನೆಯದರಲ್ಲಿ ನಡುವಿನದು, ಪಾನಕದ ಬಣ್ಣ. ಮೂರನೆಯದು ಗುಂಡಿಯ ತುದಿಯದು, ತಿಳಿನೀರು. ಹೋಗಿ ಬರುವವರು ನೋಡಲಿ ಎಂದು. ನೋಡಿದರು ಕೂಡ. ಎದುರು ಮನೆಯ ಮದುವೆಗೆ ಕಂಪ್ಲಿಯಿಂದ ಬಂದ ಬೀಗರ ಪೈಕಿ ಒಬ್ಬ ಹಿರಿಯರು, ಬಿಸಿಲಲ್ಲಿ ನಡೆದು ಬಂದವರು, ನಡುವಿನ ಲೋಟ ಎತ್ತಿ ಗಟಗಟನೆ ಅರ್ಧ ಇಳಿಸಿ, ಬೆಲ್ಲ ಕಡಿಮೆಯಾಗಿದೆ ಎಂದರು.

ಮಾವ ನಕ್ಕನೇ? ಇಲ್ಲ. ಮುಖ ಬಿಳಿಚಿಕೊಂಡು ಒಳಗೆ ಓಡಿ, ಉಪ್ಪುನೀರು ತಂದು, ಆ ಮರ್ಯಾದಸ್ಥರ ಕತ್ತು ಬಗ್ಗಿಸಿ, ಬಾಯಿಗೆ ಹುಯ್ದು, ಅವರು ಬೆಳಗಿನ ಉಪ್ಪಿಟ್ಟಿನ ಸಮೇತ ಎಲ್ಲವನ್ನೂ ಕಕ್ಕುವ ತನಕ ಬಿಡಲಿಲ್ಲ. ಆಮೇಲೆ ಎರಡು ದಿನ ಅವರು ಎಲ್ಲಿ ಹೋದರೂ ಹಿಂದೆಯೇ ಹೋಗಿ ಕಾದ ನೀರು ಕುಡಿಸಿದ. ಮದುವೆ ಮುರಿಯುವುದೊಂದು ಬಾಕಿ. ಓಣಿ ಇದನ್ನು ಒಂದು ವರ್ಷ ಹೇಳಿಕೊಂಡು ನಕ್ಕಿತು. ನಾನೂ ನಕ್ಕೆ. ಆದರೆ ಒಂದಂಶ ಗಮನಿಸಿ: ಅಂಥ ನೀರು ಹೊಟ್ಟೆಗೆ ಹೋದರೆ ಏನಾಗುತ್ತದೆಂಬುದು ನಮ್ಮೆಲ್ಲರಿಗಿಂತ ಚೆನ್ನಾಗಿ ಮಾವನಿಗೆ ಗೊತ್ತಿತ್ತು. ಇದನ್ನು ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತದೆ.

ಈಗ ಕಹಿ ಭಾಗ. ಪರೀಕ್ಷೆ ಮುಗಿಸಿ ಬೆಳ್ಳಿ ಬಟ್ಟಲಿನೊಂದಿಗೆ ನಾನು ಊರಿಗೆ ಬಂದ ಬೇಸಿಗೆ. ನಮ್ಮ ಓಣಿಯ ಹಿರಿಯರೊಬ್ಬರು ಊರ ಬೋರ್ಡಿನ ಮೆಂಬರಾಗಿದ್ದರು. ಓಣಿಗೆ ಕಲ್ಲುಚಪ್ಪಡಿಯ ಚರಂಡಿ ಮಂಜೂರು ಮಾಡಿಸಿಕೊಂಡು ಬಂದರು. ನೇರ, ನುಣುಪು, ಒಂದು ಹುಲ್ಲೆಸಳೂ ಇಲ್ಲದ್ದು. ಮೇಲಿನ ಹೊಲಸು ಕಣ್ಣುಮುಚ್ಚಿ ತೆರೆಯುವುದರೊಳಗೆ ಬಾವಿಯನ್ನು ದಾಟಿ, ಅದರ ಆಚೆಯ ಹಳ್ಳಕ್ಕೆ! ಮಡಿ ಹೆಂಗಸರಿಗೆ ಭಾಳ ಸಂತೋಷ. ಕಲ್ಲು ತೊಳೆದರೆ ಮಡಿ, ಹುಲ್ಲನ್ನು ತೊಳೆಯುವುದು ಹೇಗೆ? ಮಾವ ಒಬ್ಬನೇ ಬೇಡವೆಂದ. ಶಾಲೆಯ ಪಡಸಾಲೆಯಲ್ಲಿ ಸಭೆ ಸೇರಿತು. ಓಣಿಯ ಪರವಾಗಿ ಯಾರು ಮಾತಾಡಬೇಕು? ಓದಿದ ಹುಡುಗ ಇದ್ದಾನಲ್ಲ.

ನಾನು ಎದ್ದು ನಿಂತೆ. ಎಂಥ ಭಾಷಣ! ತರ್ಕಶಾಸ್ತ್ರದ ಪ್ರತಿಜ್ಞೆ, ಹೇತು, ದೃಷ್ಟಾಂತ, ಒಂದೂ ತಪ್ಪಲಿಲ್ಲ. ನೀರು ನಿಂತಲ್ಲಿ ಸೊಳ್ಳೆ. ಸೊಳ್ಳೆ ಇದ್ದಲ್ಲಿ ಚಳಿಜ್ವರ. ಮಾವನ ಗುಂಡಿಯಲ್ಲಿ ನೀರು ನಿಲ್ಲುತ್ತದೆ. ಇನ್ನೇನು ಹೇಳಬೇಕು?

ಮಾವ ಮೂರು ಲೋಟಗಳನ್ನು ತಟ್ಟೆಯಲ್ಲಿಟ್ಟುಕೊಂಡು ಬಂದಿದ್ದ, ಆರತಿಗೆ ಬಂದವನ ಹಾಗೆ. "ನಿಲ್ಲೂದಿಲ್ಲರಿ," ಎಂದ. "ಕುಂತು ಇಳೀತದ. ಮರುದಿನ ಬಂದು ನೋಡ್ರಿ, ಗುಂಡಿ ಬತ್ತಿರ್ತದ. ಸೊಳ್ಳಿ ತತ್ತಿ ಮರಿ ಆಗಾಕ ವಾರ ಬೇಕು."

ಅದು ನಿಜವೆಂದು ನನಗೆ ಗೊತ್ತಿತ್ತೇ? ಗೊತ್ತಿತ್ತು. ಬತ್ತಿದ ಗುಂಡಿಯನ್ನು ನಾನೇ ಎಷ್ಟೋ ಸಲ ನೋಡಿದ್ದೆ. ಆದರೆ ವಾದಕ್ಕೆ ನಿಂತವನು ಎದುರಾಳಿಯ ಸಾಕ್ಷಿ ತಾನೇ ಹೇಳುತ್ತಾನೆಯೇ? ತಟ್ಟೆಯಿಂದ ಮೂರನೆಯ ಲೋಟ ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದೆ. "ಇಷ್ಟು ತಿಳಿ ಅದಲ್ಲಾ ಮಾಮ, ಕುಡದು ತೋರಸು."

"ತಿಳಿ ಇದ್ದದ್ದೆಲ್ಲಾ ಕುಡಿಯೂದಲ್ಲೋ. ಇದು ಮಣ್ಣಿಗೆ ಇಳಿಯೋ ನೀರು. ಬಾಯಿಗಲ್ಲ."

"ತಾನ ಕುಡಿಯಲಾರದ ನೀರನ್ನ ನಮ್ಮ ಬಾವಿ ಮಗ್ಗಲಾಗ ಇಟ್ಟಾನ, ನೋಡ್ರಿ."

ಪಡಸಾಲೆ ನಕ್ಕಿತು. ಹೆಂಚು ಹಾರುವ ಹಾಗೆ ನಕ್ಕಿತು. ಮಾವ ತಟ್ಟೆ ಹಿಡಿದು ನಿಂತೇ ಇದ್ದ. ನಗು ನಿಂತ ಮೇಲೆ ಏನೋ ಹೇಳಲು ಬಾಯಿ ತೆರೆದ, ಅಷ್ಟರಲ್ಲಿ ಸಭೆ ಎದ್ದಿತ್ತು. ಚರ್ಚಾಕೂಟದಲ್ಲಿ ಇದಕ್ಕೆ ಪೂರ್ತಿ ಅಂಕ ಕೊಡುತ್ತಾರೆ. ಮನೆಗೆ ಬಂದಾಗ ಅತ್ತೆ ನನ್ನ ಮುಖ ನೋಡದೆ ತಟ್ಟೆಗೆ ಬಡಿಸಿದಳು. ಗೆದ್ದ ಖುಷಿಯಲ್ಲಿ ಎರಡು ಸಲ ಹಾಕಿಸಿಕೊಂಡೆ.

ಚಪ್ಪಡಿ ಬಂತು. ಲಾವಂಚವನ್ನು ಕಿತ್ತು ದಾರಿಗೆ ಎಸೆದರು. ಬಾಳೆಯನ್ನು ಕಡಿದರು. ಗುಂಡಿಯನ್ನು ಮುಚ್ಚಿದರು. ಹೊಸ ಚರಂಡಿಗೆ ಅರಿಸಿನ ಕುಂಕುಮ ಹಚ್ಚಿ ಕಾಯಿ ಒಡೆದರು. ನಿಜವಾಗಿ! ಚರಂಡಿಗೆ ಕಾಯಿ ಒಡೆದವರೆಲ್ಲ ಸರಿಯಿದ್ದು, ಚರಂಡಿಗೆ ಹುಲ್ಲು ನೆಟ್ಟವನು ಮಾತ್ರ ಹುಚ್ಚನಾದ ಊರು ನಮ್ಮದು.

ಉತ್ತರೆ ಮಳೆ ಒಂದು ಮಧ್ಯಾಹ್ನ ಬಿತ್ತು. ನೀರು ನುಣುಪು ಕಲ್ಲಿನ ಮೇಲೆ ಕಟ್ಟು ಬಿಚ್ಚಿದ ಕುದುರೆಯಾಗಿ ಓಡಿತು. ನಾವು ಜಗಲಿಯಲ್ಲಿ ನಿಂತು ಮೆಚ್ಚಿಕೊಂಡೆವು. ಮಾವ ಮಾತ್ರ ಕೊಡೆ ಹಿಡಿದು ಅದರ ಜೊತೆಗೇ ಕೆಳಗೆ ಓಡಿದ, ಹೊಸ ಕಲ್ಲಿನ ಮೇಲೆ ಜಾರಿ ಬಿದ್ದ. ಹೊರಳಾಡಿದ್ದು ಅಂದೆನಲ್ಲ, ಅದು ಇದೇ. ಬಾವಿಯ ಹತ್ತಿರ ಚರಂಡಿ ಹಳ್ಳದ ಕಡೆಗೆ ತಿರುಗಬೇಕು. ಚರಂಡಿ ತಿರುಗಿತು. ಅಷ್ಟು ರಭಸದ ನೀರು ತಿರುಗಲಿಲ್ಲ. ಕಲ್ಲಿನಂಚನ್ನು ಹಾರಿ, ಹೆಂಗಸರಿಗೆ ಸೇದಲು ಅನುಕೂಲವಾಗಲೆಂದು ತಗ್ಗಾಗಿ ಕಟ್ಟಿದ್ದ ಬಾವಿಯ ಕಟ್ಟೆಯನ್ನೂ ಹಾರಿತು. ಕೊಟ್ಟಿಗೆ, ತಿಪ್ಪೆ, ಬಚ್ಚಲು, ಇಡೀ ಓಣಿ ಅರ್ಧ ಗಂಟೆ ಬಾವಿಯೊಳಗೆ ಬಿತ್ತು.

ಮರುದಿನ ಬೆಳಿಗ್ಗೆ ಕೊಡ ಹಿಡಿದು ಹೋದ ಹೆಂಗಸರಿಗೆ ಬಾವಿಯ ಗಡಗಡಿ, ಹಗ್ಗ ಓಡುವ ಆ ರಾಟೆಯೇ, ಕಾಣಲಿಲ್ಲ! ಹಗ್ಗವೂ ಇಲ್ಲ. ಮಾವ ಕಟ್ಟೆಯ ಮೇಲೆ ಕೂತಿದ್ದ. ಗಡಗಡಿ ಬಿಚ್ಚಿ ಎಲ್ಲೋ ಇಟ್ಟಿದ್ದ. ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರಿಗೆ ಕಾಗದ ಹಾಕಿದ್ದೇನೆ, ಅವರು ಬಂದು ಬಾವಿಗೆ ಕೆಂಪು ಔಷಧ ಹಾಕುವ ತನಕ ಒಂದು ಹನಿ ಸೇದಕೂಡದು ಎಂದ. ಇನ್‌ಸ್ಪೆಕ್ಟರು ಸಂಡೂರಿನ ಕಡೆ ಕ್ಯಾಂಪಿನಲ್ಲಿದ್ದರು. ಒದ್ದೆ ಸೀರೆಯ ಹೆಂಗಸರು ದೂರದ ಕಾಲುವೆಯ ತನಕ ನಡೆದರು, ದಾರಿಯುದ್ದಕ್ಕೂ ಅವನನ್ನು ಬೈದರು. ಸಭೆಯಲ್ಲಿ ಸೋತ ಸೇಡು ತೀರಿಸುತ್ತಿದ್ದಾನೆ ಎಂದು ಓಣಿ ತೀರ್ಮಾನಿಸಿತು. ಯಾರ ಮನೆಯಿಂದಲೂ ಅವನಿಗೆ ಒಂದು ಲೋಟ ನೀರು ಹೋಗಲಿಲ್ಲ. ಅತ್ತೆ ಕಾಲುವೆಯ ಸರದಿಯಲ್ಲಿದ್ದಳು. ನಾನು? ನನಗೆ ಹೊಳೆಯಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಹಿರಿಯರು ನನ್ನನ್ನು ಕಳಿಸಿದರು. ಗಡಗಡಿ ಇಸಿದುಕೊಂಡು ಬಾ, ಅವನನ್ನು ಸೋಲಿಸುವುದು ನಿನಗೆ ಗೊತ್ತಲ್ಲ ಎಂದರು. ಹೋದೆ. ಬಿಸಿಲು ಸುಡುತ್ತಿತ್ತು. ಬಾವಿಯ ನೀರು ಆಗಲೇ ತಿಳಿಯಾಗಿತ್ತು. ಮಾವನ ಪಕ್ಕದಲ್ಲಿ ಒಂದು ತಂಬಿಗೆ ಬಾವಿಯ ನೀರು, ತಂಬಿಗೆಗೆ ಕಟ್ಟಿದ ಸಣ್ಣ ಹುರಿ; ನೀರಿನ ಬಣ್ಣ ನೋಡಲು ಇಳಿಬಿಟ್ಟು ತೆಗೆದದ್ದು.

"ಎಷ್ಟು ಮಂದಿಗೆ ರೋಗ ಬಂದದ, ಮಾಮ?" ಎಂದೆ.

"ಯಾರಿಗೂ ಇಲ್ಲ. ಯಾರೂ ಕುಡದಿಲ್ಲ, ಅದಕ್ಕ."

"ಇದು ವಾದ ಅಲ್ಲ. ಯಾರೂ ಕುಡೀಲಿಲ್ಲಂದ್ರ ಪುರಾವೆ ಇಲ್ಲ, ಪುರಾವೆ ಇಲ್ಲಂದ್ರ ನೀ ಕುಡೀಬ್ಯಾಡ ಅನ್ನೂಹಂಗಿಲ್ಲ. ಪುರಾವೆ ತೋರಸು, ಇಲ್ಲಾ ಗಡಗಡಿ ಕೊಡು."

ಅವನು ನನ್ನನ್ನು ನೋಡಿದ. ಆಮೇಲೆ ತಂಬಿಗೆ ಎತ್ತಿ, ತಲೆ ಹಿಂದಕ್ಕೆ ಮಾಡಿ, ಎತ್ತಿದ ಕೈ ಇಳಿಸದೆ ಪೂರ್ತಿ ಕುಡಿದ. ಹೆಗಲ ವಸ್ತ್ರದಿಂದ ಬಾಯಿ ಒರೆಸಿಕೊಂಡ.

"ಗಡಗಡಿ ಕೊಡೂದಿಲ್ಲ," ಎಂದ. "ಬಿಸಲಾಗ ನಿಂದ್ರಬ್ಯಾಡ, ಮನಿಗೆ ಹೋಗು."

ನಾನು ಹೋಗಿ ಹಿರಿಯರಿಗೆ ವರದಿ ಒಪ್ಪಿಸಿದೆ: ತಾನೇ ಕುಡಿದಿದ್ದಾನೆ, ಏನೂ ಆಗಿಲ್ಲ. ಮತ್ತೆ ನಗು. ನಾಳೆ ಬೇರೆ ಗಡಗಡಿ ಹಾಕಿಸೋಣ ಎಂದು ಮಾತಾಯಿತು.

ಮರುದಿನ ಬೆಳಗಾಗುವ ಹೊತ್ತಿಗೆ ಮಾವನಿಗೆ ವಾಂತಿಭೇದಿ ಹಿಡಿದಿತ್ತು. ಹೊಸ ಗಡಗಡಿಯ ಮಾತು ಅಲ್ಲಿಗೇ ನಿಂತಿತು. ಆದರೂ ಇಬ್ಬರು ಹಿರಿಯರು, ಹಳೆಯದನ್ನಾದರೂ ಮನೆಯಲ್ಲಿ ಹುಡುಕೋಣವೆಂದು ಬಂದರು. ನಲವತ್ತು ವರ್ಷ ಗಂಡನನ್ನು ಹಂಗಿಸಿದ ಅತ್ತೆ ಬಾಗಿಲಿಗೆ ಅಡ್ಡ ನಿಂತಳು. "ಯಾವ ಗಡಗಡಿರಿ? ನಮ್ಮ ಮನ್ಯಾಗ ಅಂಥಾದ್ದು ಇಲ್ಲ." ಅದು ಜೋಳದ ಗುಡಾಣದಲ್ಲಿತ್ತು. ಮೇಲೆ ಜೋಳ ಸುರಿದವಳು ಅವಳೇ.

ಮಾವ ಮೂರು ದಿನ ಇದ್ದ. ನಾಲ್ಕನೆಯ ದಿನ ಇನ್‌ಸ್ಪೆಕ್ಟರು ಬಂದು ಔಷಧ ಹಾಕಿದರು, ಬಾವಿ ಕೆಂಪಾಯಿತು. ಓಣಿಯಲ್ಲಿ ಬೇರೆ ಯಾರಿಗೂ ಏನೂ ಆಗಲಿಲ್ಲ. ನೋಡಿದಿರಾ, ಬಾವಿಯ ನೀರಿನದಲ್ಲ, ಅವನೊಬ್ಬನಿಗೇ ಬಂತು, ಚರಂಡಿಯಲ್ಲಿ ಹೊರಳಿದ್ದಕ್ಕೆ ಬಂತು, ಎಂದರು. ಅವನು ತಂಬಿಗೆ ಎತ್ತಿ ಕುಡಿದನೆಂಬ ನನ್ನ ವರದಿಯನ್ನು ಹಿರಿಯರು ಮರೆತರು, ನಾನೂ ನೆನಪಿಸಲಿಲ್ಲ. ಎಂಥ ತರ್ಕ! ಬೇರೆಯವರಿಗೆ ಬಾರದಂತೆ ತಡೆದವನ ವಿರುದ್ಧ, ಬೇರೆಯವರಿಗೆ ಬರಲಿಲ್ಲವೆಂಬುದೇ ಸಾಕ್ಷಿ. ಇದನ್ನು ಕಲಿಸಲು ಓಣಿಗೆ ಮದರಾಸು ಬೇಕಾಗಲಿಲ್ಲ. ನನ್ನ ಒಂದು ಭಾಷಣ ಸಾಕಾಯಿತು.

ಈ ವರ್ಷ ಬಾವಿಯ ಹತ್ತಿರದ ಚಪ್ಪಡಿಗಳಲ್ಲಿ ಹದಿನಾಲ್ಕನ್ನು ನಾನು ಕಿತ್ತು ಹಾಕಿದ್ದೇನೆ. ಯಾರನ್ನೂ ಕೇಳಲಿಲ್ಲ. ಯಾರೂ ಸಭೆ ಕರೆಯಲಿಲ್ಲ. ಕರೆದರೆ ಎದುರಿಗೆ ಮಾತಾಡಲು ಆಳಿಲ್ಲ. ದಾರಿಗೆ ಎಸೆದ ಲಾವಂಚದಲ್ಲಿ ಒಂದು ಬುಡವನ್ನು ಅತ್ತೆ ಒಡಕು ಮಡಕೆಯಲ್ಲಿ ಬಚ್ಚಲ ಹಿಂದೆ ಉಳಿಸಿಕೊಂಡಿದ್ದಳಂತೆ. ಅದನ್ನೇ ಸೀಳಿ ಸೀಳಿ ನೆಟ್ಟೆವು. ಅತ್ತೆ ಮಡಿಸೀರೆಯಲ್ಲೇ ಕೆಸರಿಗೆ ಕೈ ಹಾಕಿದಳು. ಮೊನ್ನೆ ಮೊದಲ ಮಳೆ ಬಂದಾಗ ಗೆರೆ ಎಳೆದ ಆ ಕೊಡೆ ಹಿಡಿದು ಹೊರಗೆ ಓಡಿದೆ, ಬಿಚ್ಚದೆ. ನೀರು ಬಂತು, ಹುಲ್ಲಿಗೆ ಎಡವಿತು. ಯಾರೂ ಇಲ್ಲವೆಂದು ಅತ್ತಿತ್ತ ನೋಡಿ, ಕುಂದ್ರು ಎಂದೆ. ಕೂತಿತು.

ಬೀಗರ ಹೊಟ್ಟೆಗೆ ಅರ್ಧ ಲೋಟ ಹೋದದ್ದಕ್ಕೆ ಮುಖ ಬಿಳಿಚಿಕೊಂಡವನು ನೀನು. ನಾನು ತಿಳಿನೀರು ಹಿಡಿದು ಕುಡಿ ಎಂದಾಗ, ಅಷ್ಟು ಮಂದಿ ನಕ್ಕರೂ ಕುಡಿಯದವನು. ಒಂದು ತಂಬಿಗೆಯಲ್ಲಿ ಏನಿದೆಯೆಂದು ನಿನಗೆ ಗೊತ್ತಿರಲಿಲ್ಲವೆಂದು ಯಾವ ಸಭೆಯಲ್ಲೂ ನಾನು ವಾದಿಸಲಾರೆ. ಕಡೆಯ ಮೂರು ದಿನ ಚಮಚದಲ್ಲಿ ಕಾದ ನೀರು ಬಿಡುತ್ತ ನಿನ್ನ ತಲೆಯ ಹತ್ತಿರವೇ ಕೂತಿದ್ದೆ. ಬೇರೆಲ್ಲ ಮಾತಾಡಿದೆ, ಇದೊಂದು ಬಾಯಿಗೆ ಬರಲಿಲ್ಲ. ಎರಡು ದಿನದ ಬಿಸಿಲಾಗಿತ್ತು, ಓಣಿಯಲ್ಲಿ ಯಾರೂ ಒಂದು ಗುಟುಕು ತಂದುಕೊಟ್ಟಿರಲಿಲ್ಲ, ನಾನೂ ಬರಿಗೈಯಲ್ಲಿ ಬಂದಿದ್ದೆ. ಅದಕ್ಕೇ ಇರಬಹುದಲ್ಲವೇ? ನನ್ನ ಮಾತಿಗೆ ಉತ್ತರವಾಗಿ ಅಲ್ಲ ತಾನೇ?

ಮಾಮ, ಅವತ್ತು ನಿನಗ ನೀರಡಿಸಿತ್ತೇನು?